ಮೂಕಚಿತ್ರಗಳ ಹಿರಿಮೆ



ಕಣ್ಣಿಗೆ ಮಾತ್ರ ಗೋಚರವಾಗುವ ಒಂದು ಕಲೆಯನ್ನು ಕುರಿತು, ಕಿವಿಗೆ ಮಾತ್ರ ಮುಟ್ಟುವ ಈ ಬಾನುಲಿಯಲ್ಲಿ ಮಾತನಾಡಬೇಕಾಗಿ ಬಂದಿರುವುದು ಒಂದು ವಿನೋದವೇ ಸರಿ. ಬಾನುಲಿಗೆ ಬಾಯುಂಟು, ಮುಖವಿಲ್ಲ. ಮೂಕಚಿತ್ರಕ್ಕೆ ಮುಖವುಂಟು, ಬಾಯಿಲ್ಲ. ಆದರೂ ಈ ಎರಡಕ್ಕೂ ಒಂದು ಬಗೆಯ ನಂಟಿದೆ. ನನ್ನ ಮುಖವನ್ನು ಕಾಣದೆಯೇ, ಕೇವಲ ದನಿಯ ಏರಿಳಿತದಿಂದ, ನಾನು ನಗುತ್ತಿರುವೆನೋ ಗಂಭೀರವಾಗಿರುವೆನೋ ಎಂಬುದನ್ನು ನೀವು ಮನೆಯಲ್ಲಿ ಕುಳಿತು ಊಹಿಸಿಕೊಳ್ಳುತ್ತೀರಿ. ಮೂಕಚಿತ್ರವನ್ನು ನೋಡುವವನೂ ಹಾಗೆಯೇ. ದನಿಯನ್ನು ಕೇಳದೆ ಕೇವಲ ಮುಖದಿಂದ ಮಾತನ್ನು ಊಹಿಸಿಕೊಳ್ಳುತ್ತಾನೆ. ಒಂದು ಇಂದ್ರಿಯದ ಬಾಗಿಲನ್ನು ಮುಚ್ಚಿದಾಗ ಇನ್ನೊಂದು ಇಂದ್ರಿಯವು ಚುರುಕಾಗುವುದು ಲೋಕಾನುಭವ. ಮೂಕಚಿತ್ರಗಳ ಹಿರಿಮೆಯೆಲ್ಲ ಇದೇ ಅನುಭವದ ಮೇಲೆ ನಿಂತಿದೆ. ಮಾತಿಲ್ಲದಿರುವುದು ಅವುಗಳ ಕೊರತೆಯಲ್ಲ, ಅದೇ ಅವುಗಳ ಶಕ್ತಿ ಎಂಬುದನ್ನು ಈ ಇಪ್ಪತ್ತು ನಿಮಿಷಗಳಲ್ಲಿ ನಿಮ್ಮ ಮುಂದೆ ನಿವೇದಿಸಿಕೊಳ್ಳಲು ಯತ್ನಿಸುತ್ತೇನೆ.

ಮೊದಲು ಹೆಸರಿನ ವಿಚಾರ. 'ಮೂಕಿ' ಎಂಬ ಮಾತು ಆ ಚಿತ್ರಗಳಿಗೆ ಹುಟ್ಟುಹೆಸರಲ್ಲ. 'ಟಾಕಿ' ಬಂದ ಮೇಲೆ ಅಂಟಿಕೊಂಡ ಅಡ್ಡಹೆಸರು. ಎಲ್ಲ ಚಿತ್ರಗಳೂ ಮೌನವಾಗಿದ್ದ ಕಾಲದಲ್ಲಿ ಯಾರೂ ಅವನ್ನು ಮೂಕವೆಂದು ಕರೆದಿರಲಿಲ್ಲ. ನಿಜವಾಗಿ ನೋಡಿದರೆ ಆ ಕಾಲದ ಚಿತ್ರಮಂದಿರಗಳು ನಿಶ್ಶಬ್ದವಾಗಿಯೂ ಇರಲಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಪಿಯಾನೋ, ದೊಡ್ಡ ಮಂದಿರಗಳಲ್ಲಿ ಪೂರ್ಣ ವಾದ್ಯಗೋಷ್ಠಿ; ನಮ್ಮಲ್ಲಿ ಹಾರ್ಮೋನಿಯಂ, ತಬಲಾ. ದೃಶ್ಯಗಳ ನಡುವೆ ಮೂಡುತ್ತಿದ್ದ ಬರೆಹದ ಪಟ್ಟಿಗಳನ್ನು ಓದುಬಲ್ಲವನೊಬ್ಬನು ಗಟ್ಟಿಯಾಗಿ ಓದಿದರೆ, ಓದಲಾರದ ಹತ್ತು ಜನ ಕೇಳಿಕೊಂಡು ಕಥೆಯನ್ನು ತಿಳಿಯುತ್ತಿದ್ದರು. ಜಪಾನಿನಲ್ಲಂತೂ ತೆರೆಯ ಪಕ್ಕದಲ್ಲಿ ನಿಂತು ಕಥೆಯನ್ನು ನಿರೂಪಿಸುವ 'ಬೆನ್ಶಿ'ಗಳೆಂಬ ವ್ಯಾಖ್ಯಾನಕಾರರಿದ್ದು, ಅವರಲ್ಲಿ ಹಲವರು ನಟರಷ್ಟೇ ಪ್ರಸಿದ್ಧರಾಗಿದ್ದರು. ಮಾತನಾಡದೆ ಇದ್ದದ್ದು ತೆರೆಯೊಂದೇ; ಸಭೆಯಲ್ಲ.

ಈ ಕಲೆಯ ಜನ್ಮದಿನವನ್ನು ಸಾಮಾನ್ಯವಾಗಿ 1895ನೆಯ ಇಸವಿ ಡಿಸೆಂಬರ್ 28 ಎಂದು ಎಣಿಸುತ್ತಾರೆ. ಅಂದು ಪ್ಯಾರಿಸ್ ನಗರದ ಒಂದು ಕಾಫಿಗೃಹದ ನೆಲಮಾಳಿಗೆಯಲ್ಲಿ ಲ್ಯುಮಿಯೇರ್ ಸಹೋದರರು ಹಣ ಕೊಟ್ಟು ಬಂದ ಪ್ರೇಕ್ಷಕರಿಗೆ ಹತ್ತು ಚಿಕ್ಕ ಚಿತ್ರಗಳನ್ನು ತೋರಿಸಿದರು. ಒಂದೊಂದೂ ಒಂದು ನಿಮಿಷವನ್ನು ಮೀರದ ಚಿತ್ರ. ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವುದು, ಮಗುವಿಗೆ ಊಟ ಮಾಡಿಸುವುದು, ಇಂಥವೇ ಅವುಗಳ ವಸ್ತು. ನಾವು ದಿನವೂ ನೋಡಿ ನೋಡದಂತಿರುವ ಸಂಗತಿಗಳು ತೆರೆಯ ಮೇಲೆ ಬಂದೊಡನೆ ಅದ್ಭುತವಾಗಿಬಿಟ್ಟುವು. ಆರು ತಿಂಗಳು ಕಳೆದು ಕೆಲವೇ ದಿನಗಳಲ್ಲಿ, 1896ನೆಯ ಇಸವಿ ಜುಲೈ 7ರಂದು, ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಇದೇ ಯಂತ್ರದ ಪ್ರದರ್ಶನ ನಡೆಯಿತು. ಪ್ರವೇಶಕ್ಕೆ ಒಂದು ರೂಪಾಯಿ. ಹೊಸ ಕಲೆಯೊಂದು ನಮ್ಮ ದೇಶಕ್ಕೆ ಇಷ್ಟು ಬೇಗ ಬಂದದ್ದು ಅಪೂರ್ವ.

ಲ್ಯುಮಿಯೇರರು ಇದ್ದುದನ್ನು ಇದ್ದಂತೆ ತೋರಿಸಿದರೆ, ಇಲ್ಲದುದನ್ನು ಇದೆಯೆನ್ನುವಂತೆ ತೋರಿಸಿದವನು ಜಾರ್ಜ್ ಮೆಲಿಯೇ. ಈತನು ವೃತ್ತಿಯಿಂದ ಇಂದ್ರಜಾಲಗಾರ. ಸ್ವಂತ ರಂಗಮಂದಿರವನ್ನು ಇಟ್ಟುಕೊಂಡಿದ್ದವನು. ಪ್ಯಾರಿಸ್ಸಿನ ಹೊರವಲಯದಲ್ಲಿ ಗಾಜಿನ ಗೋಡೆ ಗಾಜಿನ ಮಾಡುಗಳ ಚಿತ್ರಶಾಲೆಯೊಂದನ್ನು ಕಟ್ಟಿಸಿ, ಮನುಷ್ಯರು ಮಾಯವಾಗುವ, ಒಂದು ತಲೆ ನಾಲ್ಕಾಗುವ ಚಿತ್ರಗಳನ್ನು ತೆಗೆದನು. 1902ರಲ್ಲಿ ಬಂದ ಈತನ 'ಚಂದ್ರಲೋಕಯಾತ್ರೆ'ಯಲ್ಲಿ ಪಂಡಿತರೆಲ್ಲ ಒಂದು ಗುಂಡಿನೊಳಗೆ ಕುಳಿತು ಫಿರಂಗಿಯಿಂದ ಹಾರಿ ಚಂದ್ರನ ಕಣ್ಣಿಗೇ ನಾಟಿಕೊಳ್ಳುತ್ತಾರೆ. ಈ ಚಿತ್ರವನ್ನು ನೋಡಿ ನಗದವರಿಲ್ಲ. ಆದರೆ ಅವನ ಬಾಳಿನ ಕೊನೆ ನಗುವಂಥದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವನ ಚಿತ್ರಸುರುಳಿಗಳು ಸೈನ್ಯದ ಪಾಲಾಗಿ, ಅವುಗಳಲ್ಲಿ ಎಷ್ಟೋ ಕರಗಿ ಸಿಪಾಯಿಗಳ ಬೂಟಿನ ಹಿಮ್ಮಡಿಗಳಾದುವು. 1923ರಲ್ಲಿ ಸಾಲದ ಬಾಧೆಯಿಂದ ಕಂಗೆಟ್ಟು, ತನ್ನಲ್ಲಿ ಉಳಿದಿದ್ದ ಮೂಲಪ್ರತಿಗಳನ್ನು ತಾನೇ ನಾಶಮಾಡಿದನು. ಐನೂರಕ್ಕೂ ಹೆಚ್ಚು ಚಿತ್ರಗಳನ್ನು ಮಾಡಿದ ಮನುಷ್ಯ ಪ್ಯಾರಿಸ್ಸಿನ ರೈಲು ನಿಲ್ದಾಣವೊಂದರಲ್ಲಿ ಆಟದ ಸಾಮಾನು ಮಾರುವ ಅಂಗಡಿಯಲ್ಲಿ ಕುಳಿತಿದ್ದನು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರಿ. ಕೊನೆಯಲ್ಲಿ ಮತ್ತೆ ಈ ವಿಚಾರಕ್ಕೆ ಬರುತ್ತೇನೆ.

ಇನ್ನು ಅಭಿನಯದ ವಿಚಾರ. ನಮ್ಮ ನಾಟ್ಯಶಾಸ್ತ್ರಕಾರರು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಭಾಗಿಸಿರುವರಷ್ಟೆ. ಇವುಗಳಲ್ಲಿ ವಾಚಿಕವನ್ನು ತೆಗೆದುಹಾಕಿದರೆ ಉಳಿಯುವುದು ಮೈಯ ಚಲನೆ, ವೇಷಭೂಷಣ ಮತ್ತು ಅಂತರಂಗದಿಂದ ತಾನಾಗಿ ಹೊಮ್ಮುವ ಭಾವ. ನಾಟಕದ ಮಂದಿರದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವನಿಗೆ ನಟನ ಕಣ್ಣಂಚಿನ ನೀರು ಕಾಣುವಂತಿಲ್ಲ. ಅದನ್ನು ನಟನು ಮಾತಿನಿಂದಲೇ ತಿಳಿಸಬೇಕು. ಕ್ಯಾಮರಾ ನಟನ ಹತ್ತಿರಕ್ಕೆ ಹೋಗಿ ಒಂದು ಮುಖವನ್ನು ತೆರೆಯ ತುಂಬ ಹಿಡಿದಾಗ, ರೆಪ್ಪೆಯ ಒಂದು ಕಂಪನವೂ ಮಂದಿರದ ಕೊನೆಯ ಬೆಂಚಿಗೆ ಮುಟ್ಟುತ್ತದೆ. ಸಾತ್ತ್ವಿಕಾಭಿನಯಕ್ಕೆ ಇಷ್ಟು ದೊಡ್ಡ ಅವಕಾಶ ಹಿಂದೆಂದೂ ದೊರೆತಿರಲಿಲ್ಲ.

ಇದನ್ನು ನಮ್ಮವರೇ ಆದ ದಾದಾಸಾಹೇಬ ಫಾಲ್ಕೆಯವರು ಬಲ್ಲವರಾಗಿದ್ದರು. ಏಸುಕ್ರಿಸ್ತನ ಜೀವನದ ಚಿತ್ರವೊಂದನ್ನು ಮುಂಬಯಿಯಲ್ಲಿ ನೋಡಿ, ನಮ್ಮ ರಾಮಕೃಷ್ಣರೂ ತೆರೆಯ ಮೇಲೆ ಬರಲಾರರೇ ಎಂದು ಹಂಬಲಿಸಿ, 1912ರಲ್ಲಿ ಲಂಡನ್ನಿಗೆ ಹೋಗಿ ಯಂತ್ರವನ್ನೂ ವಿದ್ಯೆಯನ್ನೂ ತಂದವರು ಅವರು. ಬಂದೊಡನೆ ಕುಂಡದಲ್ಲಿ ಬಟಾಣಿಯ ಬೀಜ ನೆಟ್ಟು, ಅದು ಮೊಳೆತು ಬಳ್ಳಿಯಾಗುವುದನ್ನು ದಿನಗಟ್ಟಲೆ ಚಿತ್ರ ಚಿತ್ರವಾಗಿ ಹಿಡಿದು ತೋರಿಸಿದರು. ಅದನ್ನು ಕಂಡು ಹಣವಂತರು ನಂಬಿ ಸಾಲ ಕೊಟ್ಟರು. ಸಾಲದೆ ಬಂದಾಗ ಪತ್ನಿ ಸರಸ್ವತೀಬಾಯಿಯವರ ಒಡವೆಗಳು ಹೋದುವು. ಆ ಸಾಧ್ವಿ ಒಡವೆ ಕೊಟ್ಟು ಸುಮ್ಮನಾಗಲಿಲ್ಲ; ಕತ್ತಲೆ ಕೋಣೆಯಲ್ಲಿ ಕುಳಿತು ಫಿಲ್ಮಿನ ಅಂಚಿಗೆ ರಂಧ್ರ ಕೊರೆಯುವ ಕೆಲಸವನ್ನೂ, ಚಿತ್ರದಲ್ಲಿ ದುಡಿಯುವವರೆಲ್ಲರ ಅಡಿಗೆಯನ್ನೂ ತಾವೇ ವಹಿಸಿಕೊಂಡರು. 1913ನೆಯ ಇಸವಿ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ 'ರಾಜಾ ಹರಿಶ್ಚಂದ್ರ' ಸಾರ್ವಜನಿಕರ ಮುಂದೆ ಬಂದಿತು. ಹೆಣ್ಣಿನ ಪಾತ್ರಕ್ಕೆ ಹೆಂಗಸರು ಯಾರೂ ಒಪ್ಪದಿದ್ದುದರಿಂದ, ಊಟದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ಯುವಕನು ತಾರಾಮತಿಯಾದನು. ಅದೇ ಸಾಳುಂಕೆ 1917ರ 'ಲಂಕಾದಹನ'ದಲ್ಲಿ ರಾಮನೂ ತಾನೇ, ಸೀತೆಯೂ ತಾನೇ ಆಗಿ ಅಭಿನಯಿಸಿದನು.

ನನಗೆ ಫಾಲ್ಕೆಯವರ ಚಿತ್ರಗಳಲ್ಲಿ ಅತ್ಯಂತ ಪ್ರಿಯವಾದುದು 1919ರ 'ಕಾಲಿಯಮರ್ದನ'. ಇದರಲ್ಲಿ ಬಾಲಕೃಷ್ಣನಾಗಿ ಅಭಿನಯಿಸಿದವಳು ಅವರ ಪುಟ್ಟ ಮಗಳು ಮಂದಾಕಿನಿ. ಕಥೆ ಮೊದಲಾಗುವ ಮುನ್ನ ಆ ಹುಡುಗಿಯ ಮುಖವೊಂದೇ ತೆರೆಯ ಮೇಲೆ ಬಂದು, ಒಂದಾದ ಮೇಲೊಂದು ಭಾವವನ್ನು ತೋರಿಸುತ್ತದೆ. ಆಮೇಲೆ ಅವಳೇ ನಮ್ಮ ಕಣ್ಣೆದುರಿಗೆ ಕೃಷ್ಣನಾಗಿ ಮಾರ್ಪಡುತ್ತಾಳೆ. 'ಇವಳು ನಮ್ಮ ಮನೆಯ ಮಗು. ಈಗ ನೋಡಿ, ದೇವರಾಗುತ್ತಾಳೆ' ಎಂದು ತಂದೆ ನಮಗೆ ಹೇಳುವಂತಿದೆ ಆ ಭಾಗ. ಮಾತಿಲ್ಲದ ಕಲೆಗೆ ಮುಖವೇ ಮೂಲಧನವೆಂಬುದನ್ನು ಇದಕ್ಕಿಂತ ಸರಳವಾಗಿ ಯಾವ ಪಂಡಿತನೂ ನಿರೂಪಿಸಿರಲಾರನು.

ಮುಖದ ಜೊತೆಗೆ ಚಿತ್ರಗಳ ಜೋಡಣೆಯೂ ಒಂದು ಭಾಷೆಯೆಂಬುದನ್ನು ಅಮೆರಿಕದ ಗ್ರಿಫಿತ್ ತೋರಿಸಿಕೊಟ್ಟನು. 1916ರ 'ಇಂಟಾಲರೆನ್ಸ್' ಎಂಬ ಚಿತ್ರದಲ್ಲಿ ಬೇರೆ ಬೇರೆ ಯುಗಗಳ ನಾಲ್ಕು ಕಥೆಗಳನ್ನು ಜಡೆ ಹೆಣೆದಂತೆ ಹೆಣೆದಿದ್ದಾನೆ. ಆದರೆ ಇವನೇ ಅದರ ಹಿಂದಿನ ವರ್ಷ ತೆಗೆದ 'ಬರ್ತ್ ಆಫ್ ಎ ನೇಷನ್' ಎಂಬ ಚಿತ್ರವು ಕಪ್ಪುಜನರನ್ನು ಹೀನಾಯವಾಗಿ ಚಿತ್ರಿಸಿ, ಅವರನ್ನು ಹಿಂಸಿಸುವವರನ್ನು ವೀರರನ್ನಾಗಿ ಮಾಡಿತು. ಕಲೆಯ ಕೌಶಲಕ್ಕೂ ಹೃದಯದ ಸಂಸ್ಕಾರಕ್ಕೂ ಯಾವಾಗಲೂ ಮೈತ್ರಿಯಿರಬೇಕೆಂಬ ನಿಯಮವಿಲ್ಲ. ಇದನ್ನು ಹೇಳದೆ ಬಿಟ್ಟರೆ ಹೊಗಳಿಕೆಗೆ ಬೆಲೆಯಿರುವುದಿಲ್ಲ.

ಜೋಡಣೆಯ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದವನು ರಷ್ಯದ ಐಸೆನ್‌ಸ್ಟೈನ್. 1905ರ ನೌಕಾದಂಗೆಯನ್ನು ಕುರಿತು 1925ರಲ್ಲಿ ಅವನು 'ಬ್ಯಾಟಲ್‌ಷಿಪ್ ಪೊಟೆಮ್ಕಿನ್' ಚಿತ್ರವನ್ನು ತೆಗೆದಾಗ ಅವನಿಗೆ ಇಪ್ಪತ್ತೇಳು ವರ್ಷ. ಒಡೆಸ್ಸಾ ನಗರದ ಕಲ್ಲಿನ ಮೆಟ್ಟಿಲುಗಳ ಮೇಲೆ ಸೈನಿಕರು ಸಾಲಾಗಿ ಇಳಿದು ಬಂದು ನಿರಾಯುಧರಾದ ಜನರ ಮೇಲೆ ಗುಂಡು ಹಾರಿಸುವ ದೃಶ್ಯ ಲೋಕಪ್ರಸಿದ್ಧವಾದುದು. ಬೂಟುಗಳ ಸಾಲು, ಸತ್ತ ಮಗುವನ್ನೆತ್ತಿಕೊಂಡು ಸೈನಿಕರ ಎದುರಿಗೆ ಏರುವ ತಾಯಿ, ಒಡೆದ ಕನ್ನಡಕ, ಮೆಟ್ಟಿಲಿಂದ ಮೆಟ್ಟಿಲಿಗೆ ತಾನಾಗಿ ಉರುಳುವ ಕೂಸಿನ ಗಾಡಿ. ಒಂದೊಂದನ್ನೂ ಕ್ಷಣಮಾತ್ರ ತೋರಿಸಿ ಕಿತ್ತುಕೊಳ್ಳುತ್ತಾನೆ. ಬಂದೂಕಿನ ಸದ್ದು ನಮಗೆ ಕೇಳಿಸುವುದಿಲ್ಲ; ಆದರೂ ನೋಡುತ್ತಿರುವವನು ಕಿವಿ ಮುಚ್ಚಿಕೊಳ್ಳಬೇಕೆನ್ನುವಂತೆ ಆಗುತ್ತದೆ. ಇಂಗ್ಲೆಂಡಿನ ಸರ್ಕಾರದವರು ಮಾತಿಲ್ಲದ ಈ ಚಿತ್ರಕ್ಕೆ ಹೆದರಿ 1954ರವರೆಗೂ ಅದರ ಸಾರ್ವಜನಿಕ ಪ್ರದರ್ಶನಕ್ಕೆ ಅಡ್ಡಿಯಾಗಿದ್ದರು ಎಂದ ಮೇಲೆ ಮೌನದ ಬಲಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಜರ್ಮನಿಯಲ್ಲಿ ಮುರ್ನೌ ಎಂಬಾತನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬರೆಹದ ಪಟ್ಟಿಗಳನ್ನೂ ಬಿಟ್ಟುಬಿಟ್ಟನು. 1924ರ ಅವನ 'ಲಾಸ್ಟ್ ಲಾಫ್' ಎಂಬ ಚಿತ್ರದ ನಾಯಕ ದೊಡ್ಡ ಹೋಟೆಲೊಂದರ ಬಾಗಿಲು ಕಾಯುವ ಮುದುಕ. ಹೊಳೆಯುವ ಗುಂಡಿಗಳ, ಜರಿಯಂಚಿನ ನಿಲುವಂಗಿಯೇ ಅವನ ಸರ್ವಸ್ವ. ಅದನ್ನು ತೊಟ್ಟು ಅವನು ತನ್ನ ಬಡ ಕೇರಿಗೆ ಬಂದರೆ ನೆರೆಹೊರೆಯವರು ದಂಡನಾಯಕನಿಗೆ ಕೊಡುವ ಮರ್ಯಾದೆಯನ್ನು ಕೊಡುತ್ತಾರೆ. ಒಂದು ದಿನ ಭಾರವಾದ ಪೆಟ್ಟಿಗೆಯನ್ನಿಳಿಸಿ ದಣಿದು ಅರೆಗಳಿಗೆ ಕುಳಿತುಕೊಂಡದ್ದನ್ನು ಮೇಲಧಿಕಾರಿ ಕಂಡು, ವಯಸ್ಸಾಯಿತೆಂದು ಅವನನ್ನು ಶೌಚಗೃಹದ ಚಾಕರಿಗೆ ಇಳಿಸುತ್ತಾನೆ. ನಿಲುವಂಗಿಯನ್ನು ಮೈಯಿಂದ ಕಳಚುವಾಗ ಆ ಮುದುಕನ ಬೆನ್ನು ಬಾಗುವುದನ್ನು ನೋಡಬೇಕು. ಎಮಿಲ್ ಯಾನಿಂಗ್ಸ್ ಎಂಬ ಮಹಾನಟನು ಒಂದು ಅಂಗಿಯ ಜೊತೆಗೆ ಇಪ್ಪತ್ತು ವರ್ಷಗಳ ಆಯುಸ್ಸನ್ನೇ ಕಳಚಿಟ್ಟಂತೆ ಕಾಣುತ್ತಾನೆ. ಮನೆಯಲ್ಲಿ ಮದುವೆ, ಮಾನ ಉಳಿಸಿಕೊಳ್ಳಲು ಮುದುಕ ಆ ಅಂಗಿಯನ್ನು ಕದ್ದು ತೊಟ್ಟುಕೊಂಡು ಹೋಗುತ್ತಾನೆ. ಗುಟ್ಟು ರಟ್ಟಾದ ಮೇಲೆ ಕೇರಿಗೆ ಕೇರಿಯೇ ನಗುತ್ತದೆ. ಆ ನಗೆಯ ಸದ್ದು ಚಿತ್ರದಲ್ಲಿಲ್ಲ. ತೆರೆದ ಬಾಯಿಗಳು ಮಾತ್ರ ಇವೆ. ಸದ್ದಿಲ್ಲದ ನಗೆ ಸದ್ದಿರುವ ನಗೆಗಿಂತ ಕ್ರೂರವೆಂಬುದನ್ನು ನಾನು ಅರಿತದ್ದು ಈ ಚಿತ್ರದಿಂದ. ಇಡೀ ಕಥೆಯಲ್ಲಿ ಸಂಭಾಷಣೆಯ ಪಟ್ಟಿ ಒಂದೂ ಇಲ್ಲ. ಕೊನೆಯಲ್ಲಿ ಒಂದೇ ಒಂದು ಬರೆಹ ಬಂದು, ಲೋಕದಲ್ಲಾದರೆ ಇವನ ಕಥೆ ಇಲ್ಲಿಗೇ ಮುಗಿಯುತ್ತಿದ್ದಿತು, ಕರ್ತೃ ಕನಿಕರಪಟ್ಟು ಬೇರೆ ಅಂತ್ಯ ಕೊಟ್ಟಿದ್ದಾನೆ ಎಂಬ ಅರ್ಥದ ಮಾತನ್ನು ಹೇಳುತ್ತದೆ. ಆಮೇಲೆ ಮುದುಕನು ಅನಿರೀಕ್ಷಿತ ಆಸ್ತಿಗೆ ಒಡೆಯನಾಗುತ್ತಾನೆ. ಆ ಸುಖಾಂತ್ಯವನ್ನು ನೋಡಿ ನಗು ಬರುತ್ತದೆಯೇ ಹೊರತು ನಂಬಿಕೆ ಬರುವುದಿಲ್ಲ. ಕರ್ತೃವಿನ ಉದ್ದೇಶವೂ ಅದೇ ಇದ್ದಿರಬೇಕು.

ಇನ್ನು ಹಾಸ್ಯರಸ. ಇದರಲ್ಲಿ ಮೂಕಚಿತ್ರಗಳನ್ನು ಮೀರಿಸಿದವು ಇಂದಿಗೂ ಬಂದಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಬಸ್ಟರ್ ಕೀಟನ್ ಎಂಬ ನಟನು ಎಂದೂ ನಗದೆ ಲೋಕವನ್ನು ನಗಿಸಿದವನು. 1928ರ ಒಂದು ಚಿತ್ರದಲ್ಲಿ, ಬಿರುಗಾಳಿಗೆ ಮನೆಯೊಂದರ ಮುಂಗೋಡೆ ಇಡಿಯಾಗಿ ಅವನ ಮೇಲೆ ಬೀಳುತ್ತದೆ. ತೆರೆದ ಕಿಟಕಿಯ ಜಾಗ ಸರಿಯಾಗಿ ಅವನು ನಿಂತಲ್ಲಿಗೆ ಬಂದು ಅವನು ಉಳಿಯುತ್ತಾನೆ. ಅದು ಕಾಗದದ ಗೋಡೆಯಲ್ಲ, ನಿಜವಾದ ಭಾರವಿದ್ದ ಗೋಡೆ. ಕೆಲವೇ ಅಂಗುಲ ಆಚೀಚೆ ನಿಂತಿದ್ದರೆ ಹಾಸ್ಯವು ಮರಣವಾಗುತ್ತಿದ್ದಿತು. ಆದರೂ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ.

ಚಾರ್ಲಿ ಚಾಪ್ಲಿನ್ನನ ಹೆಸರನ್ನು ನಾನು ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಅವನ ಚಿತ್ರಗಳಲ್ಲಿ ಒಂದನ್ನೇ ಆರಿಸಬೇಕಾದರೆ ನಾನು 1931ರ 'ಸಿಟಿ ಲೈಟ್ಸ್' ಅನ್ನು ಆರಿಸುತ್ತೇನೆ. ಆ ಹೊತ್ತಿಗೆ ಟಾಕಿ ಬಂದು ಮೂರು ವರ್ಷಗಳ ಮೇಲಾಗಿತ್ತು. ಹಾಲಿವುಡ್ಡೆಲ್ಲ ಮಾತಿನ ಮಳೆಯಲ್ಲಿ ತೋಯುತ್ತಿದ್ದಾಗ ಇವನೊಬ್ಬನು ಮೌನವ್ರತವನ್ನು ಬಿಡಲಿಲ್ಲ. ಚಿತ್ರದ ಮೊದಲಲ್ಲಿ ಗಣ್ಯರು ವಿಗ್ರಹವೊಂದನ್ನು ಅನಾವರಣ ಮಾಡಿ ಭಾಷಣ ಮಾಡುತ್ತಾರೆ; ಅವರ ಬಾಯಿಂದ ಹೊರಡುವುದು ಮಾತಲ್ಲ, ಪೀಪಿಯ ಕೀರಲು ಸದ್ದು. ಭಾಷಣಕಾರನಾದ ನನಗೆ ಈ ದೃಶ್ಯವನ್ನು ನೋಡಿದಾಗಲೆಲ್ಲ ಸ್ವಲ್ಪ ಸಂಕೋಚವಾಗುತ್ತದೆ.

ಆ ಚಿತ್ರದಲ್ಲಿ ಹೂ ಮಾರುವ ಕುರುಡು ಹುಡುಗಿಯೊಬ್ಬಳು ಭಿಕಾರಿಯಾದ ಚಾರ್ಲಿಯನ್ನು ಸಿರಿವಂತನೆಂದು ತಿಳಿಯಬೇಕು. ಕಣ್ಣಿಲ್ಲದವಳು ಹಾಗೆ ತಿಳಿಯುವುದು ಹೇಗೆ? ಅದನ್ನು ಮಾತಿಲ್ಲದೆ ತೋರಿಸುವುದು ಹೇಗೆ? ಈ ಒಂದು ಸಮಸ್ಯೆಗೆ ಚಾಪ್ಲಿನ್ ತಿಂಗಳುಗಟ್ಟಲೆ ಹೆಣಗಿ, ಆ ದೃಶ್ಯವನ್ನು ನೂರಾರು ಸಲ ತೆಗೆದನು. ಕಡೆಗೆ ಸಿಕ್ಕಿದ ಉಪಾಯ ಬಹು ಸುಲಭವಾದುದು. ಚಾರ್ಲಿ ರಸ್ತೆ ದಾಟಲು, ನಿಂತ ಮೋಟಾರು ಗಾಡಿಯೊಂದರ ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಇಳಿಯುತ್ತಾನೆ, ಬಾಗಿಲು ಮುಚ್ಚಿಕೊಳ್ಳುತ್ತದೆ, ಹುಡುಗಿ ತಲೆಯೆತ್ತುತ್ತಾಳೆ. ಗಾಡಿಯ ಬಾಗಿಲಿನ ಸದ್ದನ್ನು ಅವಳು ಕೇಳಿದಳೆಂದು ನಾವು ಕಣ್ಣಿನಿಂದ ತಿಳಿಯುತ್ತೇವೆ! ಕಣ್ಣಿಲ್ಲದವಳು ಕಿವಿಯಿಂದ ಕಂಡದ್ದನ್ನು ಪ್ರೇಕ್ಷಕರು ಕಣ್ಣಿನಿಂದ ಕೇಳುತ್ತಾರೆ.

ಜೇಬಿನ ದೂರವಾಣಿಯಲ್ಲಿಯೇ ಚಿತ್ರ ನೋಡುವ ಈ ಕಾಲದ ನನ್ನ ವಿದ್ಯಾರ್ಥಿಗಳಿಗೆ ಒಮ್ಮೆ ಈ ಚಿತ್ರವನ್ನು ತರಗತಿಯಲ್ಲಿ ತೋರಿಸಿದೆನು. ಮೊದಲ ಹತ್ತು ನಿಮಿಷ ಪಿಸುಮಾತು, ಕಾಲು ಸರಿಸುವುದು, ಆಕಳಿಕೆ. ಬರಬರುತ್ತಾ ನಗೆ ಹೆಚ್ಚಿತು. ಕೊನೆಯ ದೃಶ್ಯ ಬಂದಿತು. ದೃಷ್ಟಿ ಬಂದ ಹುಡುಗಿ ಅಂಗಡಿಯ ಗಾಜಿನ ಹಿಂದೆ ಕುಳಿತು, ತನ್ನ ಕಣ್ಣಿಗಾಗಿ ಸೆರೆಮನೆಗೂ ಹೋಗಿ ಬಂದ ಆ ಭಿಕಾರಿಯನ್ನು ಕಂಡು ನಗುತ್ತಾಳೆ. ಕನಿಕರದಿಂದ ಒಂದು ನಾಣ್ಯವನ್ನು ಅವನ ಕೈಯಲ್ಲಿಡುತ್ತಾಳೆ. ಕೈ ಕೈಗೆ ತಾಗುತ್ತದೆ. ಕಣ್ಣು ಗುರುತಿಸದಿದ್ದುದನ್ನು ಬೆರಳು ಗುರುತಿಸಿತು! ಅವಳ ಮುಖದ ನಗು ಮೆಲ್ಲನೆ ಇಳಿಯುತ್ತದೆ. ಅವನು ಹೂವಿನ ಕಡ್ಡಿಯನ್ನು ಬಾಯಿಗಡ್ಡ ಹಿಡಿದು, ಹೆದರಿದ ಮಗುವಿನಂತೆ ನಗುತ್ತಾನೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಅವಳು ಅವನನ್ನು ಒಪ್ಪಿದಳೇ, ಬಿಟ್ಟಳೇ, ಹೇಳುವುದಿಲ್ಲ. ನನ್ನ ತರಗತಿಯಲ್ಲಿ ದೀಪ ಹಾಕಿದ ಮೇಲೂ ಯಾರೂ ಏಳಲಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿ ನಾನು ಪಡೆಯಲಾರದಿದ್ದ ಮೌನವನ್ನು ಚಾಪ್ಲಿನ್ ಒಂದು ಮಧ್ಯಾಹ್ನದಲ್ಲಿ ಪಡೆದನು.

ಮುಖವೇ ಕಾವ್ಯವಾದ ಇನ್ನೊಂದು ಚಿತ್ರವನ್ನು ಹೇಳಿ ಈ ಭಾಗವನ್ನು ಮುಗಿಸುತ್ತೇನೆ. ಡೆನ್ಮಾರ್ಕಿನ ಡ್ರೆಯರ್ 1928ರಲ್ಲಿ ಫ್ರಾನ್ಸಿನಲ್ಲಿ ತೆಗೆದ 'ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್' ಅದು. 1431ರಲ್ಲಿ ಜೋನಳ ಮೇಲೆ ನಡೆದ ವಿಚಾರಣೆಯ ದಾಖಲೆಗಳೇ ಅದಕ್ಕೆ ಆಧಾರ. ಫಾಲ್ಕೊನೆಟ್ಟಿ ಎಂಬ ನಟಿ ಮುಖಕ್ಕೆ ಬಣ್ಣ ಹಚ್ಚದೆ, ಕೂದಲನ್ನು ಕತ್ತರಿಸಿಕೊಂಡು ನಿಂತಳು. ಚಿತ್ರದ ಬಹುಭಾಗವೆಲ್ಲ ಮುಖಗಳೇ; ಒಂದು ಕಡೆ ಗದರಿಸುವ, ಕುಟಿಲವಾಗಿ ನಗುವ ನ್ಯಾಯಾಧಿಪತಿಗಳ ಸುಕ್ಕುಗಟ್ಟಿದ ಮುಖಗಳು, ಇನ್ನೊಂದು ಕಡೆ ಈ ಹುಡುಗಿಯ ತುಂಬಿದ ಕಣ್ಣುಗಳು. ವಿಚಾರಣೆಯೆಂದರೆ ಮಾತಿನ ಯುದ್ಧ. ಮಾತಿನ ಯುದ್ಧವನ್ನು ಮಾತಿಲ್ಲದೆ ತೋರಿಸುವ ಸಾಹಸ ಇದು.

ಈ ಚಿತ್ರದ ಪಾಡು ಜೋನಳ ಪಾಡಿನಂತೆಯೇ ಆಯಿತು. ತೆರೆಕಂಡ ವರ್ಷವೇ ಬರ್ಲಿನ್ನಿನಲ್ಲಿ ಅದರ ಮೂಲಪ್ರತಿ ಬೆಂಕಿಗೆ ಆಹುತಿಯಾಯಿತು. ಡ್ರೆಯರ್ ಎದೆಗುಂದದೆ, ಬಳಸದೆ ಬಿಟ್ಟಿದ್ದ ತುಣುಕುಗಳನ್ನು ಆರಿಸಿ ಮತ್ತೆ ಚಿತ್ರವನ್ನು ಜೋಡಿಸಿದನು. ಅದೂ 1929ರಲ್ಲಿ ಸುಟ್ಟುಹೋಯಿತು. ತನ್ನ ಶ್ರೇಷ್ಠ ಕೃತಿ ಲೋಕದಲ್ಲಿ ಉಳಿದಿಲ್ಲವೆಂದೇ ನಂಬಿ ಅವನು 1968ರಲ್ಲಿ ತೀರಿಕೊಂಡನು. ಹದಿಮೂರು ವರ್ಷಗಳ ಮೇಲೆ, 1981ರಲ್ಲಿ, ನಾರ್ವೆ ದೇಶದ ಓಸ್ಲೋ ಸಮೀಪದ ಒಂದು ಮಾನಸಿಕ ಚಿಕಿತ್ಸಾಲಯದ ಕಪಾಟಿನಲ್ಲಿ ಕೆಲವು ಡಬ್ಬಗಳು ಸಿಕ್ಕಿದುವು. ತೆರೆದು ನೋಡಿದರೆ, ಕತ್ತರಿ ತಾಗದ ಮೊದಲ ಜೋನ್!

ಮಾತು ಬೆಳ್ಳಿ, ಮೌನ ಬಂಗಾರ ಎಂದು ನಮ್ಮಲ್ಲಿ ಗಾದೆಯಿದೆ. ಆದರೆ ಚಿತ್ರಪ್ರಪಂಚದ ವ್ಯಾಪಾರಿಗಳು ಬಂಗಾರವನ್ನು ಬಿಟ್ಟು ಬೆಳ್ಳಿಯನ್ನೇ ಆರಿಸಿದರು. 1927ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ 'ಜಾಜ್ ಸಿಂಗರ್' ತೆರೆಕಂಡಿತು. 1931ನೆಯ ಇಸವಿ ಮಾರ್ಚ್ 14ರಂದು ಮುಂಬಯಿಯಲ್ಲಿ 'ಆಲಂ ಆರಾ' ಮಾತನಾಡಿತು. 1934ನೆಯ ಇಸವಿ ಮಾರ್ಚ್ 3ರಂದು ಬೆಂಗಳೂರಿನಲ್ಲಿ 'ಸತಿ ಸುಲೋಚನಾ' ಕನ್ನಡದಲ್ಲಿ ಮಾತನಾಡಿತು. ನಮ್ಮ ನುಡಿಯನ್ನು ಬೆಳ್ಳಿತೆರೆಯ ಮೇಲೆ ಕೇಳಿದ ಆ ದಿನದ ಸಂತೋಷವನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಆ ಸಂತೋಷಕ್ಕೆ ತೆತ್ತ ಬೆಲೆಯನ್ನೂ ಲೆಕ್ಕ ಹಾಕಬೇಕು. ಅದುವರೆಗೆ ಒಂದು ಚಿತ್ರಕ್ಕೆ ಎಲ್ಲ ದೇಶಗಳೂ ತೌರುಮನೆಯೇ. ಬರೆಹದ ಪಟ್ಟಿಗಳನ್ನು ಬದಲಾಯಿಸಿದರೆ ಸಾಕು, ಪ್ಯಾರಿಸ್ಸಿನ ಚಿತ್ರ ಪುಣೆಯದಾಗುತ್ತಿದ್ದಿತು. ಮಾತು ಬಂದೊಡನೆ ದೇಶ ದೇಶಗಳ ನಡುವೆ ಗೋಡೆಗಳೆದ್ದುವು. ಮೂಕಚಿತ್ರಗಳ ಕಾಲದಲ್ಲಿ ಭಾರತದ ಅಚ್ಚುಮೆಚ್ಚಿನ ತಾರೆಯಾಗಿ ಸುಲೋಚನಾ ಎಂಬ ಹೆಸರಿನಿಂದ ಮೆರೆದ ರೂಬಿ ಮೈಯರ್ಸ್, ಹಿಂದೂಸ್ಥಾನಿ ನಾಲಗೆಗೆ ಒಗ್ಗದೆ, ಕೆಲಕಾಲ ಹಿಂದೆ ಸರಿದು ಭಾಷೆಯನ್ನು ಕಲಿತು ಬರಬೇಕಾಯಿತು.

ಅದಕ್ಕಿಂತ ದೊಡ್ಡ ನಷ್ಟವೆಂದರೆ, ಮಾತು ಬಂದ ಮೇಲೆ ಮೂಕಚಿತ್ರಗಳು ಯಾರಿಗೂ ಬೇಡವಾದುವು. ಆ ಕಾಲದ ಫಿಲ್ಮು ನೈಟ್ರೇಟ್ ಎಂಬ ಪದಾರ್ಥದಿಂದ ಆದುದು. ಅದಕ್ಕೆ ಬೆಂಕಿ ತಗುಲಿದರೆ ನೀರಿನೊಳಗೂ ಉರಿಯುತ್ತದೆ. ಬೆಂಕಿ ತಗುಲದಿದ್ದರೆ ತಾನಾಗಿಯೇ ಕೊಳೆತು ಅಂಟಾಗಿ ಪುಡಿಯಾಗುತ್ತದೆ. ಉಳಿದುದನ್ನು, ಅದರಲ್ಲಿದ್ದ ನಾಲ್ಕು ಕಾಸಿನ ಬೆಳ್ಳಿಗಾಗಿ ಕರಗಿಸಿದರು. ಗಾದೆಯ ಮಾತು ಹೀಗೆ ಅಕ್ಷರಶಃ ಸತ್ಯವಾಯಿತು. ಬೆಳ್ಳಿಗಾಗಿ ಬಂಗಾರವನ್ನು ಕರಗಿಸಿದಂತಾಯಿತು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದವರು 2013ರಲ್ಲಿ ಪ್ರಕಟಿಸಿದ ವರದಿಯಂತೆ ಆ ದೇಶದ ಪೂರ್ಣಪ್ರಮಾಣದ ಮೂಕಚಿತ್ರಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟು ಸಂಪೂರ್ಣವಾಗಿ ನಷ್ಟವಾಗಿವೆ. ನಮ್ಮ ದೇಶದಲ್ಲಿ ಸಾವಿರಕ್ಕೂ ಮೇಲ್ಪಟ್ಟು ಮೂಕಚಿತ್ರಗಳು ತಯಾರಾದುವು. ಇಂದು ಉಳಿದಿರುವುವು ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು, ಅವುಗಳಲ್ಲಿಯೂ ಹಲವು ಕೇವಲ ತುಣುಕುಗಳು. 'ರಾಜಾ ಹರಿಶ್ಚಂದ್ರ'ದ ನಾಲ್ಕು ಸುರುಳಿಗಳಲ್ಲಿ ಎರಡು ಮಾತ್ರ ಉಳಿದಿವೆ. ಮೊದಲು ಮಾತನಾಡಿದ 'ಆಲಂ ಆರಾ' ಕೂಡ ಈಗ ಇಲ್ಲ. ಮೌನವನ್ನು ಸೋಲಿಸಿದ ಚಿತ್ರಕ್ಕೂ ಮೌನವೇ ಗತಿಯಾಯಿತು.

ನಮ್ಮ ನಾಡಿನ ಕಥೆ ಬೇರೆಯಲ್ಲ. ಶೂದ್ರಕನ ಮೃಚ್ಛಕಟಿಕವನ್ನು ಆಧರಿಸಿ ಮೋಹನ ಭಾವನಾನಿಯವರು ತೆಗೆದ ಮೂಕಚಿತ್ರದಲ್ಲಿ ನಮ್ಮ ಟಿ. ಪಿ. ಕೈಲಾಸಂ ಅವರೂ ಕಮಲಾದೇವಿ ಚಟ್ಟೋಪಾಧ್ಯಾಯರೂ ಪಾತ್ರ ವಹಿಸಿದ್ದರು. ಗುಬ್ಬಿ ವೀರಣ್ಣನವರು 1931-32ರಲ್ಲಿ ಮೂಕಚಿತ್ರಗಳನ್ನು ತಯಾರಿಸಿ ತಾವೂ ಅಭಿನಯಿಸಿದರು. ಶಿವರಾಮ ಕಾರಂತರು 1930ರ ಆಸುಪಾಸಿನಲ್ಲಿ 'ಡೊಮಿಂಗೊ', 'ಭೂತರಾಜ್ಯ' ಎಂಬ ಎರಡು ಮೂಕಚಿತ್ರಗಳನ್ನು ತೆಗೆದರು. ಕೈಲಾಸಂ ಅವರ ನಾಟಕಗಳು ನಮ್ಮ ಕೈಯಲ್ಲಿವೆ. ಕಾರಂತರ ಕಾದಂಬರಿಗಳು ಮನೆಮನೆಯಲ್ಲಿವೆ. ಆದರೆ ಮಾತಿನ ಮಲ್ಲರಾದ ಕೈಲಾಸಂ ಮಾತಿಲ್ಲದೆ ಹೇಗೆ ಅಭಿನಯಿಸಿದರೆಂಬುದನ್ನು ನೋಡಲು ನಮಗೆ ಒಂದು ಅಂಗುಲ ಫಿಲ್ಮೂ ಸಿಗುವಂತಿಲ್ಲ. ತಾಳೆಗರಿಯ ಓಲೆಗಳು ಹುಳು ಹಿಡಿದೂ ಎಂಟುನೂರು ವರ್ಷ ಉಳಿದು ನಮಗೆ ವಚನಗಳನ್ನೂ ಕಾವ್ಯಗಳನ್ನೂ ತಲಪಿಸಿದುವು. ನಮ್ಮ ಅಜ್ಜಂದಿರ ಕಾಲದ ಚಿತ್ರಗಳು ನಮ್ಮವರೆಗೆ ಬಂದು ಮುಟ್ಟಲಿಲ್ಲ.

ಉಳಿದುದು ಉಳಿದದ್ದಾದರೂ ಹೇಗೆ? ಯಾರೋ ಒಬ್ಬರಿಗೆ ಅಕ್ಕರೆಯಿದ್ದುದರಿಂದ. ಪುಣೆಯಲ್ಲಿ 1964ರಲ್ಲಿ ರಾಷ್ಟ್ರೀಯ ಚಿತ್ರಭಂಡಾರ ಸ್ಥಾಪಿತವಾದಾಗ ಅದನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಅವರು ಫಾಲ್ಕೆಯವರ ಮಕ್ಕಳನ್ನು ಹುಡುಕಿಕೊಂಡು ಹೋಗಿ, ಮೂಲೆಯಲ್ಲಿದ್ದ ಸುರುಳಿಗಳನ್ನು ಬೇಡಿ ತಂದರು. ನಾಯರ್ ಅವರು ಹೋಗದೆ ಇದ್ದಿದ್ದರೆ ಆ ಪುಟ್ಟ ಮಂದಾಕಿನಿಯ ಮುಖವನ್ನು ನಾನು ಕಾಣುತ್ತಿರಲಿಲ್ಲ. ನಿಮಗೆ ಅದನ್ನು ಹೇಳುತ್ತಲೂ ಇರಲಿಲ್ಲ. ಹಿಮಾಂಶು ರಾಯ್ ಅವರು 1925ರಿಂದ 1929ರವರೆಗೆ ಜರ್ಮನರೊಡನೆ ಕೂಡಿ ತೆಗೆದ 'ಲೈಟ್ ಆಫ್ ಏಷ್ಯ', 'ಷಿರಾಜ್', 'ಎ ಥ್ರೋ ಆಫ್ ಡೈಸ್' ಎಂಬ ಮೂರು ಸೊಗಸಾದ ಚಿತ್ರಗಳು ಪರದೇಶದ ಭಂಡಾರಗಳಲ್ಲಿ ಜೋಪಾನವಾಗಿದ್ದುದರಿಂದ ಉಳಿದುವು. 2008ರಲ್ಲಿ, ಸಮುದ್ರದಾಚೆಯ ಅರ್ಜೆಂಟೈನ ದೇಶದಲ್ಲಿ, ಫ್ರಿಟ್ಸ್ ಲ್ಯಾಂಗನ 1927ರ 'ಮೆಟ್ರೊಪಾಲಿಸ್' ಚಿತ್ರದ ಕಳೆದುಹೋಗಿದ್ದ ಭಾಗಗಳು ಎಂಬತ್ತು ವರ್ಷಗಳ ಮೇಲೆ ಸಿಕ್ಕಿದುವು. ಆದುದರಿಂದ ಪೂರ್ತಿಯಾಗಿ ಆಸೆ ಬಿಡಬೇಕಾದ್ದಿಲ್ಲ.

ಶ್ರೋತೃಗಳೆ, ನನ್ನ ಬಿನ್ನಹ ಎರಡೇ. ಮೊದಲನೆಯದು, ಉಳಿದಿರುವ ಈ ಚಿತ್ರಗಳಲ್ಲಿ ಒಂದನ್ನಾದರೂ ನೋಡಿರಿ. ಈಗ ಅವನ್ನು ಮನೆಯಲ್ಲಿಯೇ ಕುಳಿತು ನೋಡುವ ಅನುಕೂಲವಿದೆ. ನೋಡುವಾಗ ಬೇರೆ ಕೆಲಸ ಮಾಡಬೇಡಿರಿ. ಮಾತಿನ ಚಿತ್ರವನ್ನು ತರಕಾರಿ ಹೆಚ್ಚುತ್ತಲೂ ಕೇಳಬಹುದು. ಮೂಕಚಿತ್ರವು ಒಂದು ಕ್ಷಣ ಕಣ್ಣು ತೆಗೆದರೂ ಮುನಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ತಾಳ್ಮೆಯಿರಲಿ. ಹಳೆಯ ಚಿತ್ರಗಳಲ್ಲಿ ಜನರು ಗಡಿಬಿಡಿಯಾಗಿ ಕುಣಿದಂತೆ ನಡೆಯುವುದು ಕಂಡರೆ ಅದು ಆ ಕಲಾವಿದರ ತಪ್ಪಲ್ಲ. ಕೈಯಿಂದ ತಿರುಗಿಸಿ ನಿಧಾನವಾಗಿ ತೆಗೆದ ಚಿತ್ರವನ್ನು ಈಚಿನ ಯಂತ್ರದಲ್ಲಿ ವೇಗವಾಗಿ ಓಡಿಸಿದವರ ತಪ್ಪು. ಸರಿಯಾದ ವೇಗದ ಪ್ರತಿಯನ್ನು ಆರಿಸಿಕೊಳ್ಳಿರಿ.

ಎರಡನೆಯದು, ನಿಮ್ಮ ಮನೆಯ ಅಟ್ಟದಲ್ಲಿಯೋ, ಹಿರಿಯರು ನಡೆಸುತ್ತಿದ್ದ ಹಳೆಯ ಚಿತ್ರಮಂದಿರದ ಉಗ್ರಾಣದಲ್ಲಿಯೋ ತುಕ್ಕು ಹಿಡಿದ ತಗಡಿನ ದುಂಡು ಡಬ್ಬವೇನಾದರೂ ಕಂಡರೆ ಗುಜರಿಗೆ ಹಾಕಬೇಡಿರಿ. ದೀಪದ ಬಳಿಯೂ ಒಯ್ಯಬೇಡಿರಿ. ತಿಳಿದವರಿಗೆ, ಚಿತ್ರಭಂಡಾರದವರಿಗೆ, ಒಂದು ಮಾತು ತಿಳಿಸಿರಿ. ಒಳಗಿರುವುದು ಬರಿಯ ಪುಡಿಯಾಗಿರಬಹುದು. ಆದರೆ ಓಸ್ಲೋದ ಕಪಾಟಿನ ಬಾಗಿಲು ತೆಗೆದವರಿಗೂ ಒಳಗೆ ಏನಿದೆಯೆಂಬುದು ಮೊದಲೇ ಗೊತ್ತಿರಲಿಲ್ಲ.

ನಾನು ಇಷ್ಟು ಹೊತ್ತು ಮಾತನಾಡಿದ್ದು ಮೌನದ ಪರವಾಗಿ. ಇನ್ನೂ ಮಾತನಾಡುತ್ತ ಹೋದರೆ ನನ್ನ ವಾದವನ್ನು ನಾನೇ ಕೆಡಿಸಿದಂತಾಗುತ್ತದೆ.